ಸಾವಿನ ಮನೆಯ ಪಾಠ

"ತಲೆ ಹಿಡ್ಕೊ ಅಕ್ಕಯ್ಯ, ಒಂಚೂರು ತಲೆ ಹಿಡ್ಕೊ," ಎಂದು ಕಾಳಯ್ಯ ಏದುಸಿರು ಬಿಡುತ್ತ ಹೇಳಿದ. ಅವನೂ ಇನ್ನಿಬ್ಬರು ನೆಂಟರೂ ಸೇರಿ ಸಿದ್ದಲಿಂಗಸ್ವಾಮಿ ಮೇಷ್ಟ್ರನ್ನು ಚಾಪೆಯಿಂದ ಎತ್ತಿ, ನಡುಮನೆಯ ಗೋಡೆಗೆ ಒರಗಿಸಿದ್ದ ಹಲಗೆಗೆ ಆನಿಸಿ ಕೂರಿಸುತ್ತಿದ್ದರು. ಸತ್ತವರನ್ನು ಮಲಗಿಸಿ ಒಯ್ಯುವ ಪದ್ಧತಿ ಅವರಲ್ಲಿಲ್ಲ. ಪೂಜೆಗೆ ಕೂತವರ ಹಾಗೆ ಚಕ್ಕಳಮಕ್ಕಳ ಹಾಕಿ ಕೂರಿಸಬೇಕು, ಕೂತಂತೆಯೇ ಹೊತ್ತುಕೊಂಡು ಹೋಗಬೇಕು, ಕೂತಂತೆಯೇ ಮಣ್ಣು ಮಾಡಬೇಕು. ಬದುಕಿದ್ದಾಗ ಯಾರ ಮಾತಿಗೂ ಬಗ್ಗದ ಮೇಷ್ಟ್ರ ಕತ್ತು ಈಗ ಬಿಟ್ಟ ಕಡೆ ವಾಲುತ್ತಿತ್ತು. ಅವರ ಹೆಂಡತಿ ಮಂಜುಳಮ್ಮ ಗಲ್ಲದ ಕೆಳಗೆ ಅಂಗೈ ಕೊಟ್ಟು ನಿಂತರು. ಕಾಳಯ್ಯ ಅವರ ತಮ್ಮ. ಪಂಚೆ ಹರಿದು ಮಾಡಿದ ಪಟ್ಟಿಯನ್ನು ಭಾವನ ಹಣೆಗೆ ಸುತ್ತಿ ಹಲಗೆಗೆ ಕಟ್ಟತೊಡಗಿದ.

ಗಲ್ಲದ ಮೇಲೆ ಕೂಳೆ ಗಡ್ಡ ಒರಟಾಗಿತ್ತು. ಮಂಜುಳಮ್ಮನ ಹೆಬ್ಬೆರಳು ತಾನಾಗಿ ಅದರ ಮೇಲೆ ಒಮ್ಮೆ ಆಡಿತು. ಗಂಟಲಿಗೆ ಏನೋ ಬಂದು ನಿಂತಿತು. ಇನ್ನೇನು ಅದು ಹೊರಗೆ ಬರಬೇಕು, ಅಷ್ಟರಲ್ಲಿ ಬಾಗಿಲ ಕಡೆಯಿಂದ ಪಿಸುಮಾತು ಕೇಳಿಸಿತು.

"ಮುಖ ಅಲ್ಲ ಲಹರಿ. ಕೈ ನೋಡು."

ಪಿಸುಗುಟ್ಟಿದ್ದು ಗೋವಿಂದರಾಜು. ಬ್ಯಾಂಕಿನಲ್ಲಿ ಅಧಿಕಾರಿ, ನಾಲ್ಕಾರು ಪುಸ್ತಕ ಬಂದಿವೆ, ತಲೆ ನರೆತಿದೆ, ಮೇಷ್ಟ್ರ ಹಳೆಯ ಶಿಷ್ಯ. ಲಹರಿ ಹೊಸಬಳು, ಹೋದ ವರ್ಷವಷ್ಟೇ ಮೇಷ್ಟ್ರ ಭಾನುವಾರದ ಕೂಟಕ್ಕೆ ಸೇರಿದ್ದ ಹುಡುಗಿ. ಅವರ ಹಿಂದೆ ಚಪ್ಪಲಿ ಸ್ಟ್ಯಾಂಡಿನಿಂದ ಟೀವಿಯವರೆಗೆ ಇನ್ನಷ್ಟು ಶಿಷ್ಯರು ಕೈಕಟ್ಟಿಕೊಂಡು ಗೋಡೆಗೆ ಅಂಟಿ ನಿಂತಿದ್ದರು. ಒಬ್ಬರ ಕಣ್ಣೂ ಮೇಷ್ಟ್ರ ಮೇಲಿರಲಿಲ್ಲ. ಎಲ್ಲರೂ ಮಂಜುಳಮ್ಮನ ಕೈಯನ್ನೇ ನೋಡುತ್ತಿದ್ದರು.

ಅವರು ಕೈಯನ್ನು ಸರಕ್ಕನೆ ಎಳೆದು ಸೆರಗಿನೊಳಗೆ ಸೇರಿಸಿಕೊಂಡರು. ಆಸರೆ ತಪ್ಪಿದ ಗಲ್ಲ ಜೋತುಬಿದ್ದು ಬಾಯಿ ತೆರೆದುಕೊಂಡಿತು.

"ಅಯ್ಯೋ, ಬುಟ್ಬುಟ್ಯಲ್ಲ ಅಕ್ಕಯ್ಯ!"

"ನೀನೇ ಹಿಡ್ಕೊ," ಎಂದರು ಮಂಜುಳಮ್ಮ. ಗಂಟಲಿಗೆ ಬಂದದ್ದು ಬಂದ ದಾರಿಯಲ್ಲೇ ವಾಪಸ್ಸು ಹೋಗಿತ್ತು. ಅದರ ಜಾಗದಲ್ಲಿ ಹೇಸಿಗೆ ಬಂದು ಕೂತಿತ್ತು. ಹಳಸಿದ ಅನ್ನದ ಪಾತ್ರೆಯ ಮುಚ್ಚಳ ತೆಗೆದಾಗ ಆಗುವಂಥ ಹೇಸಿಗೆ.

*

ಮೊದಲು ಅವರು ದೇವರಾಜ ಮೊಹಲ್ಲಾದಲ್ಲಿದ್ದರು, ಒಂದು ಬೆಲ್ಲದ ಅಂಗಡಿಯ ಮೇಲಿನ ಬಾಡಿಗೆ ಮನೆಯಲ್ಲಿ. ಮೇಷ್ಟ್ರಿಗೆ ಕಾಲೇಜಿನಲ್ಲಿ ಕನ್ನಡ ಪಾಠ. ಭಾನುವಾರ ಬೆಳಿಗ್ಗೆ ಮಾತ್ರ ಆ ಮನೆಯ ಕಿರಿದಾದ ಮೆಟ್ಟಿಲು ಹತ್ತಿ ಕತೆ ಬರೆಯುವ ಹುಚ್ಚಿನವರು ಬರುತ್ತಿದ್ದರು. ಬರೆದದ್ದನ್ನು ಗಟ್ಟಿಯಾಗಿ ಓದಬೇಕು, ಮೇಷ್ಟ್ರು ಕಣ್ಣು ಮುಚ್ಚಿ ಕೇಳಬೇಕು. ಫೀಸು ಗೀಸು ಏನಿಲ್ಲ. ಮೇಲೆ ಮಂಜುಳಮ್ಮನ ಕಾಫಿ, ಉಪ್ಪಿಟ್ಟು.

ಒಳ್ಳೆಯ ಮೇಷ್ಟ್ರೇ, ಅದರಲ್ಲಿ ಎರಡು ಮಾತಿಲ್ಲ. "ಅವಳ ಹೃದಯ ಒಡೆದು ಚೂರುಚೂರಾಯಿತು" ಎಂದು ಯಾರಾದರೂ ಓದಿದರೆ, ಕಣ್ಣು ಮುಚ್ಚಿಕೊಂಡೇ "ಚೂರು ಯಾರಯ್ಯ ಗುಡಿಸಿದ್ದು?" ಎನ್ನುತ್ತಿದ್ದರು. ಓದಿದವನು ಕೆಂಪಗಾಗಿ ಆ ಸಾಲು ಹೊಡೆದುಹಾಕುತ್ತಿದ್ದ. ತಾವು ಮಾತ್ರ ಒಂದು ಕತೆಯನ್ನೂ ಬರೆದವರಲ್ಲ. "ನನಗೆ ನೋಡೋಕೆ ಬರುತ್ತೆ, ಬರೆಯೋಕೆ ಬರಲ್ಲ. ನೋಡೋದನ್ನ ಹೇಳಿಕೊಡ್ತೀನಿ, ಬೇಕಾದೋರು ಬನ್ನಿ," ಎನ್ನುತ್ತಿದ್ದರು.

ಆ ನೋಡುವುದರ ಮೊದಲ ಪಾಠವೇ ಸಾವಿನ ಮನೆ. ಹೊಸದಾಗಿ ಸೇರಿದವರನ್ನು ಸೈಕಲ್ಲಿನಲ್ಲಿ ಕರೆದುಕೊಂಡು ಹೊರಡುವುದು, ಯಾವುದಾದರೂ ಬೀದಿಯಲ್ಲಿ ಮನೆಯ ಮುಂದೆ ಬೆಂಕಿ ಹಾಕಿ ಜನ ತಲೆ ತಗ್ಗಿಸಿ ಕೂತಿದ್ದರೆ ಇಳಿಯುವುದು, ನೆಂಟರ ಹಾಗೆ ಒಳಗೆ ಹೋಗಿ ಗೋಡೆಗೆ ನಿಲ್ಲುವುದು. "ಮುಖ ನೋಡಬೇಡಿ. ಅಳೋ ಮುಖ ಎಲ್ಲಾರದ್ದೂ ಒಂದೇ. ಕೈ ಏನು ಮಾಡ್ತಾ ಇದೆ ನೋಡಿ." ಮುಂದಿನ ಭಾನುವಾರ ನೋಡಿದ್ದರ ಬಗ್ಗೆ ಒಂದು ಪುಟ ಬರೆದು ತರಬೇಕು.

ಒಮ್ಮೆ ವಾಗೀಶನೆಂಬ ಹುಡುಗನ ಜೊತೆ ಮಾರ್ಕೆಟ್ಟಿನ ಹಿಂದಿನ ಗಲ್ಲಿಯ ಮನೆಯೊಂದಕ್ಕೆ ಹೋಗಿದ್ದಾಗ ಮುದುಕನೊಬ್ಬ "ತಾವು ಯಾರ ಕಡೆಯೋರು?" ಎಂದು ಕೇಳಿಬಿಟ್ಟ. ಮೇಷ್ಟ್ರು "ದೂರದ ಸಂಬಂಧ" ಎಂದರು. "ಸದ್ಯ, ಹೊರೋಕೆ ಜನ ಸಾಲ್ದಾಗಿತ್ತು," ಎಂದ ಮುದುಕ ಇಬ್ಬರ ಹೆಗಲಿಗೂ ಚಟ್ಟ ಕೊಟ್ಟ. ಸ್ಮಶಾನದವರೆಗೂ ಹೊತ್ತು, ಮನೆಗೆ ಬಂದು ತಣ್ಣೀರು ಸುರಿದುಕೊಂಡು, ಮೇಷ್ಟ್ರು ಅದನ್ನು ಹೇಳಿ ಹೇಳಿ ನಕ್ಕಿದ್ದರು. "ಸತ್ತೋರ ಮನೇಗೂ ಟ್ಯೂಷನ್‌ಗೆ ಕರ್ಕೊಂಡ್ಹೋಗ್ತೀರಲ್ರೀ, ಒಳ್ಳೇ ಮೇಷ್ಟ್ರು ಕಣ್ರೀ ನೀವು," ಎಂದು ಮಂಜುಳಮ್ಮನೂ ನಕ್ಕಿದ್ದರು. ಸಾವು ಆಗ ಬೇರೆಯವರ ಮನೆಯದಾಗಿತ್ತು.

*

ಕಾಳಯ್ಯ ಅಕ್ಕನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದ. ಒಲೆ ಹಚ್ಚದ ಅಡುಗೆಮನೆ ತಣ್ಣಗಿತ್ತು.

"ಒಂದ್ಸಲ ಅತ್ಬುಡು ಅಕ್ಕಯ್ಯ. ಬೆಳಗ್ಗಿಂದ ಒಂದನಿ ನೀರು ಬಂದಿಲ್ಲ ಕಣ್ಣಲ್ಲಿ. ಎದೇಲಿ ಇಟ್ಕಂಡ್ರೆ ಎಂಗೆ?"

"ಇವರ ಮುಂದೆ ಅಳಲ್ಲ ಕಣೋ ನಾನು."

"ಇಲ್ಲಿ ಯಾರವ್ರೆ? ಇಲ್ಲೇ ಅಳು."

"ಇಲ್ಲಿ ಅವರಿಲ್ವಲ್ಲೋ." ಮಂಜುಳಮ್ಮ ನಡುಮನೆಯ ಕಡೆ ಕೈ ತೋರಿಸಿದರು. "ಹದಿನಾಲ್ಕು ವರ್ಷ ಆಯ್ತು ನಾನು ಅವರ ಮುಂದೆ ಅತ್ತು. ಈಗ ಅವರು ನೋಡಲ್ಲ. ಈಗಲಾದ್ರೂ ಅವರ ಮುಂದೆ ಕೂತು ಒಂದ್ಸಲ ಅಳಬೇಕು. ಆ ಹದ್ದುಗಳನ್ನ ಆಚೆ ಕಳ್ಸು."

ಕಾಳಯ್ಯ ಹೋಗಿ ಹೇಳಿದ. ಶಿಷ್ಯರು ಕದಲಲಿಲ್ಲ. "ನಾವು ಹೊರಗಿನೋರಲ್ಲ ಕಣ್ರೀ. ಮೇಷ್ಟ್ರಿಗೆ ಮಕ್ಕಳು ಅಂತ ಇರೋದೇ ನಾವು," ಎಂದ ಗೋವಿಂದರಾಜು. ಆ ಮಾತು ಅಡುಗೆಮನೆಯವರೆಗೂ ಕೇಳಿಸಿತು. ಮಂಜುಳಮ್ಮ ತಣ್ಣಗಿನ ಒಲೆಯ ಕಲ್ಲಿನ ಮೇಲೆ ಎರಡೂ ಕೈ ಊರಿ ನಿಂತರು.

*

ಮಕ್ಕಳು ಅಂತ ಇದ್ದವಳು ಒಬ್ಬಳೇ, ಹೇಮಶ್ರೀ. ತೊಂಬತ್ತೆರಡರ ಮಳೆಗಾಲದಲ್ಲಿ ಮೆದುಳು ಜ್ವರ ಬಂದು ಹೋದಳು. ಒಂಬತ್ತು ವರ್ಷ. ಜ್ವರ ಹಿಡಿದ ವಾರವೆಲ್ಲ ಮಗು ಕಾಲಿನ ಉಗುರು ಕತ್ತರಿಸಲು ಬಿಟ್ಟಿರಲಿಲ್ಲ. ಮುಟ್ಟಿದರೆ ನೋವು ಎಂದು ಕಾಲನ್ನು ಕಂಬಳಿಯೊಳಗೆ ಎಳೆದುಕೊಳ್ಳುತ್ತಿದ್ದಳು. "ವಾಸಿಯಾಗ್ಲಿ, ಕತ್ತರಿಸ್ತೀನಿ," ಎನ್ನುತ್ತಿದ್ದರು ತಾಯಿ. ಪ್ರಾಣ ಹೋದ ಮೇಲೆ, ನೆಂಟರು ಬರುವ ಮುಂಚೆ, ಮಂಜುಳಮ್ಮ ಮಗಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಉಗುರು ಕತ್ತರಿಸಿದರು. ಈಗ ಕಾಲು ಎಳೆದುಕೊಳ್ಳುವವರು ಯಾರೂ ಇರಲಿಲ್ಲ. ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಅವರು ನೋಡುತ್ತಿದ್ದರೆಂಬುದು ಮಂಜುಳಮ್ಮನಿಗೆ ಗೊತ್ತಿತ್ತು. ಹೇಗೆ ನೋಡುತ್ತಿದ್ದರೆಂಬುದು ಗೊತ್ತಿರಲಿಲ್ಲ.

ಒಂದು ತಿಂಗಳು ಕೂಟ ನಿಂತಿತ್ತು. ಮತ್ತೆ ಶುರುವಾದ ಭಾನುವಾರ ಮಂಜುಳಮ್ಮ ಕಾಫಿ ಬೆರೆಸುತ್ತಿದ್ದಾಗ ಹಜಾರದಿಂದ ಗಂಡನ ದನಿ ಬಂತು.

"ಒಂದು ನೋಟ ಹೇಳ್ತೀನಿ, ಬರ್ಕೊಳ್ಳಿ. ಮಗು ಸತ್ತಿದೆ. ತಾಯಿ ಅಳ್ತಾ ಇಲ್ಲ. ಮಗುವಿನ ಕಾಲುಗುರು ಕತ್ತರಿಸ್ತಾ ಇದಾಳೆ. ಕತ್ತರಿಸಿದ್ದೆಲ್ಲ ಅಂಗೈಲಿ ಕೂಡಿಸ್ಕೊಳ್ತಾ ಇದಾಳೆ. ಮನೇಲಿ ಕೂತು ಇದನ್ನ ಊಹಿಸೋಕಾಗುತ್ತೇನ್ರಯ್ಯ? ನೋಡಿದೋರಿಗೆ ಮಾತ್ರ ಸಿಗೋದು ಇದು."

ದನಿ ನಡುಗುತ್ತಿತ್ತು. ಮೇಷ್ಟ್ರಿಗೆ ದುಃಖವಿರಲಿಲ್ಲ ಎಂದರೆ ಬಾಯಿಗೆ ಹುಳ ಬೀಳುತ್ತದೆ. ಆದರೆ ಅದನ್ನು ಹೆಂಡತಿಯ ಹತ್ತಿರ ತರಲಾರದೆ ಪೆನ್ನು ಹಿಡಿದು ಕೂತ ಹುಡುಗರ ಮುಂದೆ ಸುರಿದಿದ್ದರು. ಅಡುಗೆಮನೆಗೆ ಪೆನ್ನುಗಳ ಸರಸರ ಸದ್ದು ಕೇಳಿಸುತ್ತಿತ್ತು. ಮಂಜುಳಮ್ಮ ಕಾಫಿಯನ್ನೆಲ್ಲ ಬಚ್ಚಲಿಗೆ ಸುರಿದರು. ಆ ಮನೆಯಲ್ಲಿ ಭಾನುವಾರದ ಕಾಫಿ ಅಲ್ಲಿಗೆ ಮುಗಿಯಿತು.

ಸಂಜೆ ಅವರು ಗಂಡನನ್ನು ಕೇಳಿದರು. "ನನ್ನ ಮಗಳ ಉಗುರನ್ನ ಆ ಹುಡುಗರಿಗ್ಯಾಕ್ರೀ ಕೊಟ್ರಿ?"

"ಯಾರದು ಅಂತ ನಾನು ಹೇಳಲಿಲ್ಲ ಕಣೇ."

"ಅವರೆಲ್ಲ ಮಣ್ಣಿಗೆ ಬಂದಿದ್ದೋರು. ಗೊತ್ತಾಗಲ್ವಾ?"

"ಮಂಜು, ಯಾರಾದ್ರೂ ಬರೆದ್ರೆ ಉಳಿಯುತ್ತೆ. ಇಲ್ದಿದ್ರೆ ಅವಳದು ಅಂತ ಏನು ಉಳೀತು ಹೇಳು?"

"ನನಗೆ ಉಳಿದಿತ್ತು," ಎಂದರು ಮಂಜುಳಮ್ಮ.

ಬರೆದವನು ವಾಗೀಶ. ಅವನ ಕತೆಯ ತಾಯಿ ಕತ್ತರಿಸಿದ ಉಗುರನ್ನು ಹೊಳೆಗೆ ಬಿಡುತ್ತಾಳೆ, ಅದೂ ಬೆಳದಿಂಗಳಲ್ಲಿ. ಅವನು ಸ್ವಂತವಾಗಿ ಸೇರಿಸಿದ್ದು ಆ ಹೊಳೆ, ಬೆಳದಿಂಗಳನ್ನಷ್ಟೇ. ಕತೆಗೆ ಬಹುಮಾನ ಬಂತು. ಅದೇ ಹೆಸರಿನ ಪುಸ್ತಕಕ್ಕೆ ಮೇಷ್ಟ್ರೇ ಮುನ್ನುಡಿ ಬರೆದರು. ವಾಗೀಶನಿಗೆ ಶಾಲುಗಳು ಬಂದವು, ಭಾಷಣದ ಕರೆಗಳು ಬಂದವು, ಸರಸ್ವತಿಪುರಂನಲ್ಲಿ ಮನೆಯಾಯಿತು.

ಆ ಹೊತ್ತಿಗೆ ಮೇಷ್ಟ್ರೂ ಶ್ರೀರಾಂಪುರದಲ್ಲಿ ಸಣ್ಣದೊಂದು ಮನೆ ಕಟ್ಟಿಕೊಂಡು ಬಂದಿದ್ದರು. ಒಂದು ಸಂಜೆ ಎದುರುಮನೆಯ ಶಿಲ್ಪಶ್ರೀ ಪಠ್ಯಪುಸ್ತಕ ಹಿಡಿದು ಬಂದಳು. ಕಾಲೇಜು ಹುಡುಗಿ. ನಾಳೆ ಪರೀಕ್ಷೆ.

"ಆಂಟಿ, ಸರ್ ಇದಾರಾ? ಒಂದು ಕ್ವಶ್ಚನ್‌ಗೆ ಆನ್ಸರ್ ಬೇಕಿತ್ತು. ನಾಲ್ಕು ಮಾರ್ಕ್ಸ್‌ದು."

"ಮಲಗಿದಾರೆ. ಏನು ಪ್ರಶ್ನೆ?"

ಹುಡುಗಿ ಓದಿದಳು. "ತಾಯಿಯು ಮಗುವಿನ ಉಗುರು ಕತ್ತರಿಸುವ ಕ್ರಿಯೆಯ ಸಾಂಕೇತಿಕತೆಯನ್ನು ವಿವರಿಸಿ."

ಮಂಜುಳಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಉಗುರು ಬೆಳೆದಿತ್ತು, ಕತ್ತರಿಸಿದಳು ಅಂತ ಬರಿ," ಎಂದರು.

"ಅಷ್ಟಕ್ಕೆ ನಾಲ್ಕು ಮಾರ್ಕ್ಸ್ ಕೊಡಲ್ಲ ಆಂಟಿ."

"ಕೊಡದಿದ್ರೆ ಬೇಡ. ಅಷ್ಟೇ ಇರೋದು ಅದರಲ್ಲಿ."

ಮೇಷ್ಟ್ರು ಮಲಗಿರಲಿಲ್ಲ. ಕೋಣೆಯಲ್ಲಿ ಎದ್ದು ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಆಮೇಲೆ ಯಾವ ಶಿಷ್ಯನನ್ನೂ ಅವರು ಸಾವಿನ ಮನೆಗೆ ಕರೆದುಕೊಂಡು ಹೋಗಲಿಲ್ಲ. ಶಿಷ್ಯರು ಕೇಳಿದಾಗ "ಮಂಡಿ ನೋಯುತ್ತಯ್ಯ," ಎಂದರು. ಮತ್ತೆ ಆ ವರ್ಷ ಹೇಮಶ್ರೀ ಹೋದ ದಿನ ಬೆಳಗಾಗುತ್ತಲೇ ಬೂಟು ಹಾಕಿಕೊಂಡು, "ಬೆಟ್ಟಕ್ಕೆ ಹೋಗಿ ಬರ್ತೀನಿ. ಸಂಜೆಯಾಗುತ್ತೆ," ಎಂದು ಹೊರಟರು. ಮಂಜುಳಮ್ಮ ಬಾಗಿಲು ಹಾಕಿಕೊಂಡು, ಮಗಳ ಫೋಟೋ ಇಳಿಸಿ ಮಡಿಲಲ್ಲಿಟ್ಟುಕೊಂಡು ದಿನವಿಡೀ ಅತ್ತರು. ಸಂಜೆ ಬಂದ ಮೇಷ್ಟ್ರು ಬೀಗದ ಕೈ ಜೇಬಿನಲ್ಲಿದ್ದರೂ ಬೆಲ್ ಒತ್ತಿ ಕಾದರು. ಹೆಂಡತಿ ಮುಖ ತೊಳೆದು ಬಂದು ಬಾಗಿಲು ತೆಗೆಯುವವರೆಗೆ ಕಾದರು.

ಹೆಂಡತಿಯನ್ನು ಬಿಟ್ಟು ತಲೆತಪ್ಪಿಸಿಕೊಂಡು ಹೋಗುವ ಗಂಡಸು ಎಂದು ಮಂಜುಳಮ್ಮ ಮೊದಲ ವರ್ಷ ಬೈದುಕೊಂಡಿದ್ದರು. ಮುಂದಿನ ವರ್ಷವೂ ಆ ಬೆಲ್ ಕೇಳಿಸಿದಾಗ ಅರ್ಥವಾಯಿತು. ಬೆಟ್ಟ ಹತ್ತುವ ಶಕ್ತಿ ಹೋದ ಮೇಲೂ ಮೇಷ್ಟ್ರು ಆ ದಿನ ಮನೆಯಲ್ಲಿ ಇರುತ್ತಿರಲಿಲ್ಲ. ಬೆಟ್ಟದ ಪಾದದ ಹತ್ತಿರ ಕಡಲೆಕಾಯಿ ಮಾರುವವರ ಪಕ್ಕದ ಕಲ್ಲಿನ ಮೇಲೆ ಬಿಸಿಲಲ್ಲಿ ಕೂತಿರುತ್ತಾರೆಂದು ಯಾರೋ ಬಂದು ಹೇಳಿದ್ದರು. ಗಂಡಹೆಂಡಿರು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

*

ಮಧ್ಯಾಹ್ನ ವಾಗೀಶ ಬಂದ. ಕಾರಿನಿಂದ ಇಳಿಯುವಾಗಲೇ ಫೋನಿನಲ್ಲಿ ಯಾವುದೋ ಪತ್ರಿಕೆಯವರಿಗೆ, "ಹೂಂ, ಎಂಟುನೂರು ಪದ. ಸಂಜೆಗೆ ಕಳಿಸ್ತೀನಿ," ಎನ್ನುತ್ತಿದ್ದ. ಮೇಷ್ಟ್ರ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ. ಕಣ್ಣು ನಿಜಕ್ಕೂ ತುಂಬಿತ್ತು. ಆಮೇಲೆ ಮಂಜುಳಮ್ಮನ ಪಕ್ಕ ಬಂದು ಮಂಡಿಯೂರಿ ಕೂತ.

"ಅಮ್ಮಾ, ಮೇಷ್ಟ್ರು ಕಡೇದಾಗಿ ಏನಾದ್ರೂ ಹೇಳಿದ್ರಾ?"

"ಹೇಳಿದ್ರು."

ವಾಗೀಶ ಇನ್ನಷ್ಟು ಬಗ್ಗಿದ. ಗೋವಿಂದರಾಜು ಎರಡು ಹೆಜ್ಜೆ ಮುಂದೆ ಬಂದ. ಗೋಡೆಯ ಸಾಲಿನಲ್ಲಿ ಯಾರೋ ಕೆಮ್ಮನ್ನು ತಡೆದುಕೊಂಡರು.

"ಸಾರಿಗೆ ಉಪ್ಪು ಜಾಸ್ತಿಯಾಗಿದೆ ಅಂದ್ರು," ಎಂದರು ಮಂಜುಳಮ್ಮ. ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಅಲ್ಲಿಗಾದರೂ ನಾಚಿಕೊಂಡು ಎದ್ದು ಹೋಗಲಿ ಎಂದು.

ವಾಗೀಶ ನಾಚಲಿಲ್ಲ. ಅವನ ಕಣ್ಣಲ್ಲಿ ಬೆಳಕು ಬಂತು. "ಉಪ್ಪು," ಎಂದ ಮೆಲ್ಲಗೆ. ಗೋವಿಂದರಾಜುವಿನ ಕಡೆ ತಿರುಗಿ, "ಕೇಳಿದ್ರಾ? ಉಪ್ಪು! ಎಂಥ ಮಾತು ಆಡಿ ಹೋದ್ರು ನೋಡಿ," ಎಂದ.

"ಉಪ್ಪಿನ ಋಣ," ಎಂದ ಗೋವಿಂದರಾಜು, ತಲೆದೂಗುತ್ತ.

"ಅಲ್ಲಲ್ಲ, ಅಷ್ಟು ಸರಳ ಅಲ್ಲ ಅದು. ಕಣ್ಣೀರು ಕೂಡ ಬರುತ್ತೆ ಅದರಲ್ಲಿ."

ಇಬ್ಬರೂ ಹೆಣದ ಮುಂದೆ ನಿಂತು ಉಪ್ಪನ್ನು ಎಳೆದಾಡಿದರು. ಮಂಜುಳಮ್ಮ ಮುಖ ತಿರುಗಿಸಿಕೊಂಡರು. ಏನು ಕೊಟ್ಟರೂ ತಿನ್ನುತ್ತಾರೆ ಇವರು. ಅತ್ತರೆ ಅಳುವನ್ನು, ಬೈದರೆ ಬೈಗುಳವನ್ನು, ಸುಮ್ಮನಿದ್ದರೆ ಸುಮ್ಮನಿದ್ದುದನ್ನು. ಇವರನ್ನು ಹೀಗೆ ಸಾಕಿದವರು ಹಣೆಗೆ ಪಟ್ಟಿ ಕಟ್ಟಿಸಿಕೊಂಡು, ವಿಭೂತಿ ಬಳಿಸಿಕೊಂಡು, ಏನೂ ಅರಿಯದವರ ಹಾಗೆ ಕೂತಿದ್ದರು. ಒಂದು ಗಳಿಗೆ ಗಂಡನ ಮೇಲೂ ಮೈ ಉರಿಯಿತು.

ಲಹರಿ ಎದ್ದುಹೋಗಿ ಒಂದು ಲೋಟ ನೀರು ತಂದುಕೊಟ್ಟಳು. ಕೊಟ್ಟವಳು ಮಂಜುಳಮ್ಮನ ಕೈಯನ್ನು ನೋಡಲಿಲ್ಲ, ನೆಲ ನೋಡಿದಳು.

*

ರುದ್ರಭೂಮಿಯಲ್ಲಿ ಗುಣಿ ತೋಡಿ, ಅದರ ಒಂದು ಪಕ್ಕದಲ್ಲಿ ಕೂರಿಸಲು ಗೂಡು ಮಾಡಿದ್ದರು. ಮೇಷ್ಟ್ರನ್ನು ಕೂರಿಸಿ ಹೊತ್ತು ತಂದ ಹೂವಿನ ವಿಮಾನದಿಂದ ಇಳಿಸಿ ಗೂಡಿನಲ್ಲಿ ಕೂರಿಸಿದ್ದಾಯಿತು. ಅಯ್ಯನವರು ಮಂತ್ರ ಹೇಳಿ, ಎಡಗೈಯಲ್ಲಿ ಲಿಂಗವಿಟ್ಟು, ಸುತ್ತ ವಿಭೂತಿ ಸುರಿಸಿದರು. ಹೊತ್ತು ಇಳಿಯುತ್ತಿತ್ತು. ಕಡೆಗೆ ಹೆಂಡತಿ ಬಿಲ್ವಪತ್ರೆ ಹಾಕಬೇಕು, ಆಮೇಲೆ ಮಣ್ಣು.

ಮಂಜುಳಮ್ಮ ಕಾಳಯ್ಯನ ಕೈ ಹಿಡಿದು ಗುಣಿಯ ಮೆಟ್ಟಿಲಿಳಿದರು. ಗಂಡನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಇಷ್ಟು ಹತ್ತಿರದಿಂದ ಆ ಮುಖವನ್ನು ನೋಡಿ ಎಷ್ಟೋ ಕಾಲವಾಗಿತ್ತು. ಬಿಸಿಲಲ್ಲಿ ಕಲ್ಲಿನ ಮೇಲೆ ಕೂತು ಕೂತು ಕಪ್ಪಿಟ್ಟಿದ್ದ ಮುಖ. ಕೈ ಮತ್ತೆ ಆ ಗಲ್ಲದ ಕಡೆ ಹೋಯಿತು. ಅವರು ತಲೆಯೆತ್ತಿದರು. ಗುಣಿಯ ಅಂಚಿನ ಸುತ್ತ ಶಿಷ್ಯರು ಬಗ್ಗಿ ನಿಂತಿದ್ದರು. ಎಲ್ಲರಿಗಿಂತ ಮುಂದೆ, ಮಣ್ಣು ಜಾರುವಷ್ಟು ಅಂಚಿಗೆ, ವಾಗೀಶ.

ಮಂಜುಳಮ್ಮ ಬಿಲ್ವಪತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಎದ್ದು ನಿಂತರು.

"ಎಲ್ಲಾರೂ ಆ ಕಡೆ ತಿರುಗಿ," ಎಂದರು.

ಯಾರಿಗೂ ಅರ್ಥವಾಗಲಿಲ್ಲ.

"ಗೋಡೆ ಕಡೆ ಹೋಗಿ ತಿರುಗಿ ನಿಂತ್ಕೊಳ್ಳಿ. ನಾನು ನನ್ನ ಗಂಡನ್ನ ಕಳಿಸಿಕೊಡಬೇಕು."

"ಅಮ್ಮಾ, ಹೊತ್ತು ಮುಳುಗುತ್ತೆ," ಎಂದರು ಅಯ್ಯನವರು.

"ಮುಳುಗಲಿ ಬುದ್ಧಿ. ಇವರು ತಿರುಗೋವರೆಗೂ ನಾನು ಪತ್ರೆ ಹಾಕಲ್ಲ."

ಅಯ್ಯನವರು ಒಂದು ಕ್ಷಣ ಅವರ ಮುಖ ನೋಡಿ, ತಾವೇ ಮೊದಲು ಬೆನ್ನು ತಿರುಗಿಸಿದರು. ಲಹರಿ ಆಗಲೇ ಕಾಂಪೌಂಡು ಗೋಡೆಯ ಹತ್ತಿರ ಹೋಗಿ ನಿಂತಿದ್ದಳು. ಉಳಿದವರು ಮುಖ ಮುಖ ನೋಡಿಕೊಂಡರು.

"ಅಕ್ಕ ಯೋಳಿದ್ದು ಕೇಳಿಸ್ನಿಲ್ವಾ?" ಎಂದು ಕಾಳಯ್ಯ ಗುಡುಗಿದ. ಕೈಯಲ್ಲಿ ಗುದ್ದಲಿಯಿತ್ತು.

ಒಬ್ಬೊಬ್ಬರೇ ಹೋದರು. ವಾಗೀಶ ಮಾತ್ರ ನಿಂತೇ ಇದ್ದ. "ಅಮ್ಮಾ, ನಾವು ಮೇಷ್ಟ್ರ ಶಿಷ್ಯರು. ನೋಡೋದನ್ನ ಕಲಿಸಿದ್ದೇ ಅವರು..."

"ಆ ಪಾಠ ಅವರೇ ನಿಲ್ಲಿಸಿದ್ರಲ್ಲಪ್ಪ. ಯಾಕೆ ನಿಲ್ಲಿಸಿದ್ರು ಅಂತ ನಿಮ್ಮಲ್ಲಿ ಒಬ್ಬರಿಗಾದ್ರೂ ಹೊಳೀತಾ? ಮಂಡಿನೋವು ಅಂದ್ರೆ ನಂಬಿಬಿಟ್ರಿ. ಇಷ್ಟು ನೋಡೋಕೆ ಬರುತ್ತೆ ನಿಮಗೆ. ಹೋಗು ವಾಗೀಶ. ನಿನಗೂ ಸೇರಿಸಿಯೇ ಹೇಳಿದ್ದು."

ಅವನು ಹೋದ.

ಬಹುಮಾನ ಪಡೆದವರು, ಪುಸ್ತಕ ಬರೆದವರು, ಬರೆಯಬೇಕೆಂದಿದ್ದವರು ಎಲ್ಲರೂ ಪಾಚಿಗಟ್ಟಿದ ಗೋಡೆಗೆ ಮುಖ ಮಾಡಿ, ಲೆಕ್ಕ ತಪ್ಪಿದ ಸ್ಕೂಲು ಹುಡುಗರ ಹಾಗೆ ಸಾಲಾಗಿ ನಿಂತರು. ಕಾಳಯ್ಯನೂ ಗುದ್ದಲಿ ಊರಿ ಆ ಕಡೆ ತಿರುಗಿಕೊಂಡ. ಆಮೇಲೆ ಅವರ ಬೆನ್ನ ಹಿಂದೆ ನೆಲದೊಳಗಿಂದ ಒಂದು ಸದ್ದು ಬಂತು. ಮೊದಲು ಸಣ್ಣದಾಗಿ, ಆಮೇಲೆ ತಡೆಯಿಲ್ಲದೆ. ನಡುವೆ ಬೈಗುಳವಿತ್ತು, ಮಗಳ ಹೆಸರಿತ್ತು, "ರೀ" ಎಂಬ ಕೂಗಿತ್ತು.

ಲಹರಿ ಎರಡೂ ಕಿವಿಗೆ ಬೆರಳು ಹಾಕಿಕೊಂಡಳು. ಹಾಗೆಯೇ ನಿಂತು ಪಕ್ಕಕ್ಕೆ ಒಮ್ಮೆ ನೋಡಿದಳು. ವಾಗೀಶ ಹಣೆಯನ್ನು ಗೋಡೆಗೆ ಆನಿಸಿ ಕಣ್ಣು ಮುಚ್ಚಿದ್ದ. ಕೆನ್ನೆ ಒದ್ದೆಯಾಗಿತ್ತು. ಅವನ ತುಟಿಗಳು ಅಲ್ಲಾಡುತ್ತಿದ್ದವು. ಒಂದು ಪದ ಹೇಳಿಕೊಂಡು, ಅದು ಸರಿಬಾರದೆ ತಲೆಯಾಡಿಸಿ, ಅವನು ಇನ್ನೊಂದನ್ನು ಹೇಳಿಕೊಳ್ಳುತ್ತಿದ್ದ.